ಲಾಭ, ಎರಡು, ಮೂರು

ಶೋಭಾ ಮಿಸ್ಸಿನ ತುರುಬಿನಲ್ಲಿ ಹೂವಿಗಿಂತ ಹೆಚ್ಚಾಗಿ ಇರುತ್ತಿದ್ದದ್ದು ಸೀಮೆಸುಣ್ಣದ ತುಂಡು. ಬೋರ್ಡಿನ ಮೇಲೆ ಬರೆದಾದ ಕೂಡಲೇ ಅಲ್ಲಿ ಸಿಕ್ಕಿಸಿಕೊಳ್ಳುವರು, ಆಮೇಲೆ ಅದನ್ನೇ ಮೇಜಿನ ಕೆಳಗೆಲ್ಲ ಹುಡುಕುವರು. ಮಕ್ಕಳು “ಮಿಸ್, ತಲೇಲಿ!” ಎಂದು ಕೂಗಿದರೆ, “ನನ್ ತಲೇಲೂ ಏನೋ ಅದೆ ಅಂತ ನೀವಾದ್ರೂ ಒಪ್ಕಂಡ್ರಲ್ಲ” ಎಂದು ನಗುವರು.

ನಾನು ಶಾಲೆಗೆ ಹೋದದ್ದು ಎರಡೇ ವರ್ಷ. ತಮ್ಮನನ್ನು ಎತ್ತಿಕೊಳ್ಳಲು ಆಳು ಬೇಕಾಗಿ ಮನೆಯಲ್ಲಿ ಉಳಿದೆ. ಇದನ್ನು ಬರೆಯಲು ಮೂರು ದಿನ ಹಿಡಿಯಿತು. ಕಾಗುಣಿತ ತಿದ್ದಿದ್ದು ಮೊಮ್ಮಗಳು ದೀಕ್ಷಾ, ಮೂರನೇ ಕ್ಲಾಸು. ಬೈದು ಬೈದು ತಿದ್ದಿದ್ದಾಳೆ. ಅವಳು ಬಯ್ಯುವುದೇ ನನಗೆ ಹಬ್ಬ, ಏಕೆಂದು ಹೇಳುತ್ತೇನೆ.

ಹನಗೋಡಿನ ಪಕ್ಕದ ನಮ್ಮೂರ ಶಾಲೆಗೆ ಮಿಸ್ ಬಂದದ್ದು ದೀಕ್ಷಾ ಒಂದನೇ ಕ್ಲಾಸಿಗೆ ಸೇರಿದ ವರ್ಷ. ಬಂದವರೇ ಮಕ್ಕಳ ಮನೆಯವರ ಫೋನುಗಳನ್ನೆಲ್ಲ ಒಂದು ಗ್ರೂಪಿಗೆ ಸೇರಿಸಿದರು. ದಿನಾ ನಾಲ್ಕು ಗಂಟೆಗೆ ಕ್ಲಾಸಿನ ವಿಡಿಯೊ ಬರುವುದು. ಮಕ್ಕಳು ಗೇಣು ಹಾಕಿ ಬೆಂಚು ಅಳೆಯುವುದು, ಹುಣಸೆಬೀಜ ಹರಳುಬೀಜ ಬೇರೆ ಮಾಡಿ ಎಣಿಸುವುದು, ಎಲೆ ಒತ್ತಿ ಚಿತ್ರ ಮಾಡುವುದು. ನಮ್ಮ ಮನೆ ಹತ್ತಿರ ನೆಟ್‌ವರ್ಕ್ ಸಿಗುವುದು ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಗೋಡೆ ಪಕ್ಕ ಮಾತ್ರ. ನಾಲ್ಕಾಯಿತೆಂದರೆ ನಾನೂ ಸೊಸೆ ಸೌಮ್ಯಳೂ ಹಲ್ಲಿಗಳ ಹಾಗೆ ಆ ಗೋಡೆಗೆ ಅಂಟಿಕೊಳ್ಳುವೆವು.

ವಿಡಿಯೊದಲ್ಲಿ ಮಿಸ್ ಕಾಣುತ್ತಿರಲಿಲ್ಲ, ಫೋನು ಹಿಡಿದವರು ಅವರೇ ಅಲ್ಲವೇ. ಬಳೆಯ ಸದ್ದು ಕೇಳುವುದು, ಜೊತೆಗೆ ಒಂದೇ ಮಾತು: “ಆಮೇಲೆ?” ಮಗು ಸರಿ ಹೇಳಲಿ, ತಪ್ಪು ಹೇಳಲಿ, ಅವರದು “ಆಮೇಲೆ?” ಅದನ್ನು ಕೇಳಿದರೆ ಎಂಥ ಅಂಜುಬುರುಕ ಮಗುವೂ ಇನ್ನೊಂದು ಮಾತು ಆಡುವುದು.

ಆಡದವಳು ನಮ್ಮ ದೀಕ್ಷಾ ಒಬ್ಬಳೇ. ಮನೆಯಲ್ಲಿ ಬಾಯಿಗೆ ಬೀಗವಿಲ್ಲ, ವಿಡಿಯೊದಲ್ಲಿ ತುಟಿ ಹೊಲಿದುಕೊಂಡು ಕೂತಿರುವಳು. ಒಂದು ತಿಂಗಳಾಯಿತು, ಎರಡಾಯಿತು. “ಅತ್ತೆ, ಮಗೀಗೆ ಏನೋ ಆಗದೆ. ಮೈಸೂರ್‌ಗೆ ಕರ್ಕಂಡೋಗಿ ತೋರ್ಸನಾ?” ಎಂದು ಸೌಮ್ಯ ಕಣ್ಣೊರೆಸಿಕೊಂಡಳು. ನನಗೂ ಅನ್ನ ಸೇರುತ್ತಿರಲಿಲ್ಲ.

ಒಂದು ಸಂಜೆ ಮಿಸ್ ತಾವೇ ಮನೆಗೆ ಬಂದರು. ಮಿಲ್ಲಿಗೆ ಕಳಿಸಲು ನಾನು ರಾಗಿ ಅಳೆಯುತ್ತಿದ್ದೆ. ದೀಕ್ಷಾ ಪಕ್ಕದಲ್ಲಿ ಕೂತು ನನ್ನ ಜೊತೆ ಗಟ್ಟಿಯಾಗಿ ಎಣಿಸುತ್ತಿದ್ದಳು: “ಲಾಭ, ಎರಡು, ಮೂರು...” ಮಿಸ್ ಬಾಗಿಲಲ್ಲೇ ನಿಂತರು.

“ಅಜ್ಜಿ, ಒಂದು ಎಲ್ಲೋಯ್ತು?”

“ಕಾಳು ಅಳೀವಾಗ ಒಂದು ಅಂದಾರಾ ಮಿಸ್ಸು? ಮೊದಲ್ನೇದು ಲಾಭ. ನಮ್ಮತ್ತೆ ಕಾಲದಿಂದ್ಲೂವೆ ಅಂಗೇಯ.”

ಈಗ ಊರಿಗೆಲ್ಲ ತಕ್ಕಡಿ ಬಂದಿದೆ. ಪಾವು ಹಿಡಿದು ಲಾಭ ಎನ್ನುವವಳು ಉಳಿದದ್ದು ನಾನೊಬ್ಬಳೇ. ಮಿಸ್ಸಿನ ಮುಖ ಸಣ್ಣಗಾಯಿತು. “ಸ್ಕೂಲು ಶುರುವಾದ ವಾರ ಬೀಜ ಎಣಿಸ್ದಾಗ ಇವ್ಳು ಲಾಭ ಅಂದ್ಲು ಅಜ್ಜಿ. ಮಕ್ಳೆಲ್ಲ ನಕ್ಬುಟ್ರು. ನಾನೂ ನಕ್ಕೆ.” ದೀಕ್ಷಾಳ ಪಕ್ಕ ಕೂತು, “ನಾಳೆ ಸೇರು, ಪಾವು, ರಾಗಿ ತಗಂಡು ಸ್ಕೂಲಿಗೆ ಬನ್ನಿ. ಪಾಠ ನಿಮ್ದು” ಎಂದರು.

“ನಾನಾ? ಎಲ್ಡ್ನೇ ಕ್ಲಾಸಲ್ಲಿ ಸ್ಕೂಲ್ ಬುಟ್ಟೋಳಾ?”

“ಆಮೇಲೆ?” ಎಂದರು.

ಆಮೇಲೇನು, ಪೆಟ್ಟಿಗೆಯಲ್ಲಿದ್ದ ಹೊಸ ಸೀರೆ ಉಟ್ಟು ಹೋದೆ.

ಬೋರ್ಡಿನ ಮೇಲೆ ಮಿಸ್ ದೊಡ್ಡದಾಗಿ ಬರೆದಿದ್ದರು: ನಾಲ್ಕು ಪಾವು ಒಂದು ಸೇರು. ನಾನು ಗಂಟಲು ಸರಿಮಾಡಿಕೊಂಡು “ಲಾಭ!” ಎಂದು ಸುರಿದೆ. ಎರಡು ಸುರಿದೆ. ಮೂರಕ್ಕೇ ಸೇರು ಕಂಠದ ತನಕ ಬಂತು. ನಾಲ್ಕನೆಯದರಲ್ಲಿ ಮುಕ್ಕಾಲು ಪಾಲು ನೆಲಕ್ಕೆ ಚೆಲ್ಲಿ ಬೆಂಚಿನ ಕೆಳಗೆಲ್ಲ ಓಡಿತು. “ಮಿಸ್, ನಾಕು ಇಡಿಸ್ತಿಲ್ಲ! ಬೋರ್ಡು ತಪ್ಪು!” ಎಂದು ಮಕ್ಕಳು ಕುಣಿದರು. ಮಿಸ್ ಬೋರ್ಡು ನೋಡಿದರು, ನನ್ನನ್ನು ನೋಡಿದರು.

“ಅಜ್ಜೀ! ಗೋಪುರ ಕಟ್ಬ್ಯಾಡ ಕಣಜ್ಜಿ! ತಲೆ ಸವರು! ತಿರ್ಗ ಲಾಭದಿಂದ ಅಳಿ!”

ದೀಕ್ಷಾ! ಎದ್ದು ನಿಂತಿದ್ದಾಳೆ, ಸೊಂಟದ ಮೇಲೆ ಎರಡೂ ಕೈ.

ನನ್ನ ಕೈಗೆ ಅದೇ ಅಭ್ಯಾಸ, ಯಾರಿಗೆ ಅಳೆದರೂ ಪಾವಿನ ಮೇಲೊಂದು ಗೋಪುರ ನಿಲ್ಲಬೇಕು. “ಮಂದಿಗೆ ಕೊಡವಾಗ ತಲೆ ಸವರಕಾಯ್ತದಾ ಮಿಸ್ಸು?” ಎಂದೆ. ಮಿಸ್ ನಕ್ಕು ನಕ್ಕು ಬೆಂಚಿನ ಮೇಲೆ ಕುಸಿದರು. ಕಣ್ಣಲ್ಲಿ ನೀರು. ಹಾಗೇ ದೀಕ್ಷಾಳ ಕಡೆ ತಿರುಗಿ, ಮೆಲ್ಲಗೆ, “ಆಮೇಲೆ?” ಎಂದರು.

ಅವಳು ಬಂದು ನನ್ನ ಕೈಯಿಂದ ಪಾವು ಕಿತ್ತುಕೊಂಡಳು. ಅಂಗೈಯಲ್ಲಿ ತಲೆ ಸವರಿ ಸವರಿ ಸುರಿದಳು. ಲಾಭ, ಎರಡು, ಮೂರು, ನಾಕು. ಒಂದು ಕಾಳು ಹೆಚ್ಚಿಲ್ಲ, ಒಂದು ಕಾಳು ಕಮ್ಮಿಯಿಲ್ಲ. ಕ್ಲಾಸಿಗೆ ಕ್ಲಾಸೇ ಕಿರುಚಿತು, ನಾನೂ ಕಿರುಚಿದೆ! ಆ ದಿನದ ವಿಡಿಯೊದಲ್ಲಿ ಕಾಣುವುದು ಬರೀ ಸೂರಿನ ಹೆಂಚು. ಫೋನನ್ನು ಮೇಜಿನ ಮೇಲೆ ಮಲಗಿಸಿ ಮಿಸ್ ಮರೆತೇಬಿಟ್ಟಿದ್ದರು. ಆ ಹೆಂಚನ್ನು ನಾವು ನೂರು ಸಲ ನೋಡಿದ್ದೇವೆ. ದೀಕ್ಷಾಳ ಬಾಯಿ ಅವತ್ತು ಬಿಚ್ಚಿದ್ದು ಇನ್ನೂ ಮುಚ್ಚಿಲ್ಲ.

ಈ ವರ್ಷ ಮಿಸ್ಸಿಗೆ ಬೀಚನಹಳ್ಳಿ ಕಡೆಗೆ ವರ್ಗವಾಯಿತು. ಬಸ್ಸಿನ ಹತ್ತಿರ ಹೋಗಿ ಒಂದು ಸೇರು ರಾಗಿ ಕೊಟ್ಟೆ. “ತಲೆ ಸವರಿಲ್ಲ ಮಿಸ್ಸು” ಎಂದೆ. “ಗೊತ್ತು ಬುಡಿ ಅಜ್ಜಿ” ಎಂದು ಚೀಲವನ್ನು ಎದೆಗೆ ಒತ್ತಿಕೊಂಡು ಹತ್ತಿದರು. ಬಸ್ಸು ಹೊರಟಾಗ ಹಿಂದಿನಿಂದ ನೋಡಿದೆ, ತುರುಬಿನಲ್ಲಿ ನಮ್ಮ ಶಾಲೆಯ ಸೀಮೆಸುಣ್ಣ. ಕೂಗಿ ಹೇಳಲಿಲ್ಲ. ಹೋಗಲಿ, ಇರಲಿ.

ಅಷ್ಟೊಂದು ವಿಡಿಯೊಗಳಿವೆ, ಒಂದರಲ್ಲೂ ಅವರ ಮುಖವಿಲ್ಲ. ಆದರೆ ಮೊನ್ನೆ ನಾಲ್ಕು ಗಂಟೆಗೆ ಫೋನು ಟಿಣ್ ಎಂದಿತು, ಅದೇ ಹಳೇ ಗ್ರೂಪು. ಯಾವುದೋ ಹೊಸ ಕ್ಲಾಸು, ಯಾರದೋ ಮಕ್ಕಳು, ನಡುವೆ ಒಂದು ಸೇರು. ಬಳೆ ಸದ್ದಾಯಿತು. “ಮೊದಲ್ನೇದು?” ಮಕ್ಕಳೆಲ್ಲ ಒಟ್ಟಿಗೆ, “ಲಾಭ!”

“ಆಮೇಲೆ?” ಎಂದಿತು ಆ ದನಿ.

ಬ್ಯಾರನ್ನಿನ ಗೋಡೆಗೆ ಅಂಟಿಕೊಂಡಿದ್ದ ನಾವು ಅಜ್ಜಿ ಮೊಮ್ಮಗಳು, ಆ ಮಕ್ಕಳಿಗಿಂತ ಮುಂಚೆ ಕಿರುಚಿದೆವು: “ಎರಡು!”