ಚಾಪೆ ದಾಟಿದ ಚಪ್ಪಲಿ

ಅಜ್ಜನನ್ನು ನಂಬಿ ಬದುಕುವ ಎಲ್ಲರಿಗೂ ಕುವೈತಿನಿಂದ ನನ್ನ ನಮಸ್ಕಾರ. ನಮ್ಮ ತುಳುನಾಡಿನ ದೈವ ಕೊರಗಜ್ಜ ಕಳೆದುಹೋದ ಬಳೆ, ದನ ಹುಡುಕಿಕೊಟ್ಟದ್ದನ್ನು ನೀವು ಕೇಳಿದ್ದೀರಿ. ನನಗೆ ಹುಡುಕಿಕೊಟ್ಟದ್ದು ಒಂದು ತಪ್ಪನ್ನು. ನಗಬೇಡಿ, ಪೂರ್ತಿ ಓದಿ.

ನಾನಿಲ್ಲಿ ಶಾಲೆಯೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ನನ್ನವರು ಮೀನಾ ಅಲ್ ಅಹ್ಮದಿಯ ತೈಲ ಸಂಸ್ಕರಣಾಗಾರದಲ್ಲಿ ಟೆಕ್ನಿಷಿಯನ್. ಕೆಲಸದ ಜೊತೆಗೇ ಊರಿನ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿಗೆ ಸೇರಿದ್ದೆ. ಪ್ಲಾಸ್ಮಾ ಎಂದರೆ ಎಲೆಕ್ಟ್ರಾನು, ಅಯಾನುಗಳಾಗಿ ಒಡೆದ ಅನಿಲ. ಅದರಲ್ಲಿ ತೇಲುವ ಧೂಳಿನ ಕಣದ ಮೇಲೆ ಎಲೆಕ್ಟ್ರಾನುಗಳು ಬಂದು ಕೂರುತ್ತವೆ, ಅಯಾನುಗಳು ಬಂದು ಅವುಗಳ ಲೆಕ್ಕ ಇಳಿಸುತ್ತವೆ. ಹೀಗೆ ಕಣದ ವಿದ್ಯುದಾವೇಶ ಸದಾ ಏರಿಳಿಯುತ್ತದೆ. ಆ ಏರಿಳಿತದ ಮಾದರಿಯನ್ನು ಕಂಪ್ಯೂಟರಿನಲ್ಲಿ ಕಟ್ಟುವುದೇ ನನ್ನ ವಿಷಯ. ಧೂಳಿನ ದೇಶಕ್ಕೆ ಬಂದು ಧೂಳಿನ ಮೇಲೆಯೇ ಪಿಎಚ್‌ಡಿಯಾ ಎಂದು ನನ್ನವರು ತಮಾಷೆ ಮಾಡುತ್ತಿದ್ದರು.

ಈ ವರ್ಷದ ರಂಜಾನ್ ಹೊತ್ತಿಗೆ ತಮಾಷೆಯೆಲ್ಲ ನಿಂತಿತು. ಆವೇಶವು ಒಂದು ಸರಾಸರಿಯ ಆಚೀಚೆ ಆಡಿಕೊಂಡಿರಬೇಕು. ನನ್ನ ಮಾದರಿಯಲ್ಲಿ ಅದು ಹಗ್ಗ ಬಿಚ್ಚಿದ ದನದ ಹಾಗೆ ಹೋದದ್ದೇ ಹೋದದ್ದು, ಮರಳಿ ಬರಲಿಲ್ಲ. ಗೈಡ್ ಫೋನಿನಲ್ಲಿ, "ನೋಡಮ್ಮ, ಇನ್ನು ಅವಧಿ ಕೊಡ್ಲಿಕ್ಕೆ ಆಗುವುದಿಲ್ಲ. ಜೂನ್ ಒಳಗೆ ಈ ಅಧ್ಯಾಯ ಸರಿಯಾಗದಿದ್ರೆ ನಿನ್ನ ನೋಂದಣಿಯೇ ರದ್ದಾಗ್ತದೆ" ಎಂದರು. ಪ್ರೋಗ್ರಾಮಿನ ಸಾಲು ಸಾಲೂ ಓದಿದೆ. ಎಲ್ಲ ಸರಿಯಾಗಿಯೇ ಕಾಣುತ್ತಿತ್ತು. ಒಂದು ಸಂಜೆ ಈರುಳ್ಳಿ ಹೆಚ್ಚುವ ನೆಪದಲ್ಲಿ ಚೆನ್ನಾಗಿ ಅತ್ತುಬಿಟ್ಟೆ. ಮಗಳು ಬಂದು, "ಅಮ್ಮಾ, ಜಸ್ಟ್ ಟೇಕ್ ಎ ಬ್ರೇಕ್" ಎಂದಳು. ನನಗೆ ಮೈಯೆಲ್ಲ ಉರಿಯಿತು.

ಆ ದಿನವೇ ಅಜ್ಜನಿಗೆ ಹರಕೆ ಹೇಳಿಕೊಂಡೆ. "ಅಜ್ಜಾ, ತಪ್ಪು ಎಲ್ಲಿ ಅಡಗಿ ಕೂತಿದೆಯೋ ತೋರಿಸಿಕೊಡು. ಚಕ್ಕುಲಿ, ವೀಳ್ಯದೆಲೆ ಇಡುತ್ತೇನೆ. ನಿನಗೆ ಪ್ರಿಯವಾದ ಕಳ್ಳಿಗೆ ಈ ದೇಶದಲ್ಲಿ ದಾರಿಯಿಲ್ಲ, ಊರಿಗೆ ಬಂದಾಗ ನೋಡೋಣ." ಹೀಗೆ ಚೌಕಾಸಿ ಮಾಡಿದರೆ ಅಜ್ಜ ಸಿಟ್ಟಾಗುವುದಿಲ್ಲ.

ಹವಲ್ಲಿಯಲ್ಲಿ ಸುಜಾತಕ್ಕನ ಫ್ಲ್ಯಾಟಿನಲ್ಲಿ ನಮ್ಮ ಊರಿನವರ ಶುಕ್ರವಾರದ ಭಜನೆ. ಲಿಫ್ಟಿನ ಎದುರು ಚಪ್ಪಲಿ ರಾಶಿ ಬೀಳುತ್ತದೆಂದು ಪಕ್ಕದ ಮನೆಯವರು ದೂರಿದ ಮೇಲೆ ಸುಜಾತಕ್ಕ ಒಂದು ಕಟ್ಟಳೆ ಮಾಡಿದ್ದರು. ಬಾಗಿಲ ಹೊರಗಿನ ಚಾಪೆ ತುಂಬಿ ಚಪ್ಪಲಿ ಅದರ ಅಂಚು ದಾಟಿದರೆ ಹೊಸದಾಗಿ ಬಂದವರು ಒಳಗೆ ಬರುವಂತಿಲ್ಲ. ಕೆಳಗೆ ಕಾದಿದ್ದು, ಯಾರಾದರೂ ಹೊರಟ ಮೇಲೆ ಹತ್ತಬೇಕು.

ಹರಕೆ ಹೇಳಿದ ವಾರ ನನಗೆ ಹಾಡುವ ಮನಸ್ಸಿರಲಿಲ್ಲ. ಬೇಗ ಜಾರಿಕೊಳ್ಳೋಣವೆಂದು ಬಾಗಿಲ ಪಕ್ಕವೇ ಕೂತೆ. ತಡವಾಗಿ ಬಂದ ರಮೇಶಣ್ಣನನ್ನು ಸುಜಾತಕ್ಕ ತಡೆದರು.

"ಯಾವಾಗಲೂ ಜಾಗ ಇರ್ತದಲ್ಲ ಅಕ್ಕ" ಎಂದರು ಅವರು.

"ಯಾವಾಗಿನದ್ದು ಎಂತಕ್ಕೆ ಮಾರಾಯ್ರೆ? ಈಗ ಚಪ್ಪಲಿ ಎಷ್ಟುಂಟು ನೋಡಿ. ಚಾಪೆ ದಾಟಿತು. ಖಲಾಸ್."

ನನ್ನ ಕೈಯ ತಾಳ ಅಲ್ಲೇ ನಿಂತಿತು. ನನ್ನ ಎಲೆಕ್ಟ್ರಾನುಗಳೆಲ್ಲ ರಮೇಶಣ್ಣನ ಹಾಗೆಯೇ ಬರುತ್ತಿದ್ದವು. ಲೆಕ್ಕ ಬೇಗ ಮುಗಿಯಲೆಂದು ನಾನು ಕಣದ ಸರಾಸರಿ ಆವೇಶವನ್ನು ಒಮ್ಮೆ ತೆಗೆದು, ಬರುವ ಪ್ರತಿಯೊಂದಕ್ಕೂ ಅದನ್ನೇ ತೋರಿಸುತ್ತಿದ್ದೆ. ಕಣದ ಮೇಲೆ ಈ ಕ್ಷಣ ಎಷ್ಟು ಕೂತಿವೆ ಎಂಬುದನ್ನು ಅವು ನೋಡುತ್ತಲೇ ಇರಲಿಲ್ಲ. ನೋಡಿದ್ದರೆ, ಹೆಚ್ಚು ಕೂತಾಗ ಕೂತವುಗಳೇ ಹೊಸದನ್ನು ದೂರ ತಳ್ಳಿ, ಬರುವುದು ಕಡಿಮೆಯಾಗಿ ಆವೇಶ ತಾನಾಗಿ ಮರಳುತ್ತಿತ್ತು.

ಮಂಗಳಾರತಿ ತೆಗೆದುಕೊಂಡವಳೇ ಮನೆಗೆ ಓಡಿದೆ. ಆ ಭಾಗವನ್ನು ತಿದ್ದಿ ಪ್ರೋಗ್ರಾಮ್ ಓಡಿಸಿದೆ. ನನ್ನವರು ಚಾ ತಂದಿಡುವಾಗ ಪರದೆಯ ಮೇಲಿನ ಗೆರೆ ಸರಾಸರಿಯ ಮೇಲೆ ಕೆಳಗೆ ನಡುಗುತ್ತಾ ಅಲ್ಲಲ್ಲೇ ಆಡಿಕೊಂಡಿತ್ತು. ಅಷ್ಟು ಚೆಂದದ ಗೆರೆಯನ್ನು ನಾನು ಬೇರೆ ನೋಡಿಲ್ಲ. ಗೈಡ್ ಅಧ್ಯಾಯ ಒಪ್ಪಿದರು, ನೋಂದಣಿ ಉಳಿಯಿತು.

"ನೀನೇ ಕಂಡುಹಿಡಿದದ್ದಲ್ವಾ?" ಎಂದು ನನ್ನವರು ಕೇಳಿದರು. ಕಂಡದ್ದು ನಾನೇ. ಆದರೆ ಆ ಮಾತು ಕಿವಿಗೆ ಬೀಳುವ ಜಾಗದಲ್ಲಿ, ಹಾಡಲಾರದ ನನ್ನನ್ನು ತಂದು ಕೂರಿಸಿದ್ದು ಯಾರು? ಅಜ್ಜನ ಕೆಲಸದ ರೀತಿಯೇ ಅದು. ನನಗೆ ಇನ್ನು ಯಾವ ಅನುಮಾನವೂ ಇಲ್ಲ.

ಮುಂದಿನ ಶುಕ್ರವಾರ ಚಕ್ಕುಲಿ ಕರಿಯುವಷ್ಟರಲ್ಲಿ ಹೊತ್ತಾಯಿತು. ಡಬ್ಬ ಹಿಡಿದು ಹೋದರೆ ಚಪ್ಪಲಿ ಚಾಪೆ ದಾಟಿತ್ತು. ಹರಕೆಯ ಚಕ್ಕುಲಿ ಎಂದರೂ ಸುಜಾತಕ್ಕ ಬಿಡಲಿಲ್ಲ. ಕೆಳಗಿಳಿದು ಬಿಸಿಲಲ್ಲಿ ನಿಂತೆ, ಒಂಚೂರೂ ಬೇಸರವಾಗಲಿಲ್ಲ. ಸ್ವಲ್ಪ ಹೊತ್ತಿಗೆ ಡ್ಯೂಟಿಗೆ ಹೊರಟ ರಮೇಶಣ್ಣ ಇಳಿದು ಬಂದರು.

"ಹೋಗಿ ಅಕ್ಕ, ಒಂದು ಜೊತೆ ಕಡಿಮೆ ಆಯ್ತು."

ಅಜ್ಜನ ಹೆಸರು ಹೇಳಿ, ಮೆಟ್ಟಿಲು ಹತ್ತಿದೆ.