ದೀಪ ಹಚ್ಚುವವರೆಗೆ

ನಾನು ಯೋಗಕ್ಕೆ ಸೇರಿದ್ದು ಮೋಕ್ಷಕ್ಕಲ್ಲ, ಸೊಂಟ ನೋವಿಗೆ. ಇಡೀ ದಿನ ಪ್ರೈಮರಿ ಸ್ಕೂಲಿನ ಕರಿಹಲಗೆಯ ಮುಂದೆ ನಿಂತು ಬಂದರೆ, ಸಂಜೆ ಬಗ್ಗಿ ಕಸ ಗುಡಿಸುವುದಕ್ಕೂ ಆಗುತ್ತಿರಲಿಲ್ಲ. ಕೊರಟಗೆರೆಯಲ್ಲಿ ಗೊಬ್ಬರದ ಅಂಗಡಿಯ ಮೇಲಿನ ಹಾಲ್‌ನಲ್ಲಿ, ಸರ್ಕಾರಿ ಕೆಲಸದಿಂದ ನಿವೃತ್ತರಾದ ಒಬ್ಬ ಹೆಂಗಸು ಬೆಳಗ್ಗೆ ಬೆಳಗ್ಗೆ ಯೋಗ ಹೇಳಿಕೊಡುತ್ತಾರೆ ಅಂತ ಗೊತ್ತಾಯಿತು. ಅವರನ್ನು ಎಲ್ಲರೂ ಅಕ್ಕ ಅನ್ನುತ್ತಿದ್ದರು. ನಾನೂ ಅಂದೆ.

ಯುಗಾದಿಯ ಹೊತ್ತಿಗೆ ಸೇರಿದವಳು ಶ್ರಾವಣದ ಹೊತ್ತಿಗೆ ನೆಟ್ಟಗಾದೆ. ಅಲ್ಲಿಗೆ ನಿಲ್ಲಿಸಿ ಮನೆಗೆ ಹೋಗಬಹುದಿತ್ತು. ಹೋಗಲಿಲ್ಲ, ಏಕೆಂದರೆ ಅಕ್ಕನ ಮಾತು ಕೇಳುವುದೇ ಒಂದು ಸುಖವಾಗಿತ್ತು. ಬೆಣ್ಣೆಯಿಂದ ಕೂದಲು ತೆಗೆದಂತೆ ಮಾತಾಡುತ್ತಿದ್ದರು. "ಕೈಕಾಲು ತಿರುಚೋದು ಆಮೇಲೆ ಕಣಮ್ಮ. ಮೊದಲು ಸತ್ಯ. ಸುಳ್ಳಾಡೋ ಬಾಯಲ್ಲಿ ಮಂತ್ರ ನಿಲ್ಲಲ್ಲ" ಅನ್ನುತ್ತಿದ್ದರು. ನಾನು ಅದನ್ನು ಮಕ್ಕಳಿಗೂ ಹೇಳಿ ಹೆಮ್ಮೆಪಟ್ಟದ್ದುಂಟು. ಈಗ ನೆನೆದರೆ ಮೈ ಉರಿಯುತ್ತದೆ.

ಆಸನದಿಂದ ಜಪಕ್ಕೆ, ಜಪದಿಂದ ಭಜನೆಗೆ ಬಂದೆ. ನನ್ನ ಗಂಟಲು ಚೆನ್ನಾಗಿದೆ ಅಂತ ನಲವತ್ತು ದಾಟಿದ ಮೇಲೆ ಗೊತ್ತಾಯಿತು. ಅಲ್ಲಿಯವರೆಗೆ ಅದು ಮಗ್ಗಿ ಹೇಳಿಸುವುದಕ್ಕೆ ಮಾತ್ರ ಬಳಕೆಯಾಗಿತ್ತು. ಸೋಮವಾರ ಸಂಜೆ ನಾನು ತಾಳ ಹಿಡಿದು ಓಂ ನಮಃ ಶಿವಾಯ ಎತ್ತಿಕೊಂಡರೆ, ಕೆಳಗೆ ಗೊಬ್ಬರ ಕೊಳ್ಳಲು ಬಂದವರು ಮೂಟೆ ಹೊತ್ತುಕೊಂಡೇ ನಿಲ್ಲುತ್ತಿದ್ದರು. ಹೊಗಳಿಕೆ ಯಾರಿಗೆ ಬೇಡ. ಜಪಕ್ಕೆ ಕೂತರೆ ನಿಜಕ್ಕೂ ಒಳಗೆ ಏನೋ ತಣ್ಣಗಾಗುತ್ತಿತ್ತು. ಅದು ಸುಳ್ಳಲ್ಲ. ಅದೂ ಸುಳ್ಳಾಗಿದ್ದರೆ ನನಗೆ ಈಗ ಸುಲಭವಾಗುತ್ತಿತ್ತು.

ಕಾರ್ತಿಕದ ಕೊನೆಯ ಸೋಮವಾರ ಹಾಲ್‌ನಲ್ಲಿ ದೊಡ್ಡ ಭಜನೆ. ಹೊತ್ತು ಹುಟ್ಟಿದಾಗ ಶುರುವಾದ ನಾಮ ಸಂಜೆ ದೀಪ ಹಚ್ಚುವವರೆಗೆ ಎಲ್ಲೂ ಕಡಿಯಬಾರದು. ತಾಳ ಯಾರ ಕೈಯಲ್ಲಿದೆಯೋ ಅವರು ಹೇಳಬೇಕು, ಉಳಿದವರು ಹಿಂದೆ ಹೇಳಬೇಕು. ದಣಿದವರು ತಾಳವನ್ನು ಪಕ್ಕದವರಿಗೆ ಕೊಟ್ಟು ಏಳಬಹುದು. ಮೊಬೈಲುಗಳೆಲ್ಲ ಅಕ್ಕನ ಬುಟ್ಟಿಗೆ. ಆ ಸಲ ಮಧುಗಿರಿಯಿಂದ, ಶಿರಾದಿಂದಲೂ ಜನ ಬರುವವರಿದ್ದರು.

ಅದೇ ವಾರ ಅಮ್ಮನಿಗೆ ಉಬ್ಬಸ ಜಾಸ್ತಿಯಾಗಿತ್ತು. ಅಮ್ಮ ಇದ್ದದ್ದು ತಮ್ಮನ ಜೊತೆ, ಪಾವಗಡದಾಚೆ ರಾಯಚರ್ಲಿನಲ್ಲಿ. ನಮ್ಮ ಮನೆ ಮಾತು ಅರ್ಧ ಕನ್ನಡ, ಅರ್ಧ ತೆಲುಗು. ಶನಿವಾರ ಫೋನಿನಲ್ಲಿ ಅಮ್ಮ, "ಒಂದ್ಸಲ ಬಂದ್ ಹೋಗಮ್ಮಾ. ನಿನ್ನ ಚೂಡಾಲಿ, ನೋಡ್ಬೇಕು ಅನ್ನಿಸ್ತೈತೆ" ಅಂದಳು. ಅವಳು ಹಾಗೆ ಕೇಳುವವಳೇ ಅಲ್ಲ. ಬಾ ಅನ್ನುವ ಬದಲು, ಕಡಲೇಕಾಯಿ ಹುರಿದಿಟ್ಟಿದ್ದೀನಿ ಅನ್ನುವವಳು. ಭಜನೆಗೆಂದು ಸ್ಕೂಲಿಗೆ ರಜೆ ಹಾಕಿದ್ದ ಸೋಮವಾರವೇ ಬರುತ್ತೇನೆ ಅಂದೆ.

ಭಾನುವಾರವೇ ಹೋಗಿ ಅಕ್ಕನಿಗೆ ವಿಷಯ ಹೇಳಿದೆ. ಅವರು ನನ್ನ ಕೈ ಹಿಡಿದುಕೊಂಡು, "ತಾಯಿಗಿಂತ ದೇವರಿಲ್ಲ ಕಣಮ್ಮ. ಮಧ್ಯಾಹ್ನದವರೆಗೆ ಹೇಳು ಸಾಕು. ಆಮೇಲೆ ನಾನೇ ಬಸ್ ಹತ್ತಿಸ್ತೀನಿ" ಅಂದರು. ನಂಬಿದೆ. ಸೋಮವಾರ ಸೀರೆಯ ಬ್ಯಾಗನ್ನೂ ಜೊತೆಗೇ ತಂದು ಹಾಲ್‌ನ ಮೂಲೆಯಲ್ಲಿಟ್ಟೆ.

ಬಿಸಿಲು ಕಿಟಕಿಯಿಂದ ಕೆಳಗಿಳಿದಾಗ ಹೊರಡುವ ಹೊತ್ತಾಯಿತು ಅಂದುಕೊಂಡೆ. ತಾಳವನ್ನು ಪಕ್ಕದವಳಿಗೆ ಕೊಟ್ಟೆ. ಅವಳು ನಮ್ಮ ಬೀದಿಯಲ್ಲೇ ಬಟ್ಟೆ ಹೊಲಿಯುವವಳು, ಯೋಗಕ್ಕೆ ದಿನವೂ ನನ್ನ ಜೊತೆಗೇ ಬರುತ್ತಿದ್ದಳು. ನಾನು ಮೊಣಕಾಲೂರಿ ಏಳುವಷ್ಟರಲ್ಲಿ ಅಕ್ಕ ಬಂದು ಬೆನ್ನ ಮೇಲೆ ಕೈಯಿಟ್ಟು ಕಿವಿಯಲ್ಲಿ ಹೇಳಿದರು: "ನಿನ್ನ ತಮ್ಮ ಫೋನ್ ಮಾಡಿದ್ದ. ಅಮ್ಮ ಹುಷಾರಾಗವ್ರಂತೆ, ಗಂಜಿ ಕುಡಿದ್ರಂತೆ. ನಿಧಾನಕ್ಕೆ ದೀಪ ಹಚ್ಚಿಬುಟ್ಟೇ ಬರಲಿ ಅಂದ."

ಪಕ್ಕದವಳು ತಾಳವನ್ನು ನನ್ನ ಮಡಿಲಿಗೆ ವಾಪಸ್ಸಿಟ್ಟಳು. ಅವಳ ಕಣ್ಣಲ್ಲಿ ನೀರಿತ್ತು. ಭಕ್ತಿ ಅಂದುಕೊಂಡೆ.

ಆ ಮಧ್ಯಾಹ್ನ ಹಾಡಿದಷ್ಟು ಚೆನ್ನಾಗಿ ನಾನು ಹಿಂದೆಂದೂ ಹಾಡಿರಲಿಲ್ಲ. ಅಮ್ಮ ಗಂಜಿ ಕುಡಿದಳಲ್ಲ ಅನ್ನುವ ಸಂತೋಷವೇ ಗಂಟಲಿನಿಂದ ಬರುತ್ತಿತ್ತು. ಶಿರಾದಿಂದ ಬಂದವರು ಮೊಬೈಲಿನಲ್ಲಿ ವಿಡಿಯೋ ತೆಗೆದುಕೊಂಡರು. ಅವರ ಮೊಬೈಲನ್ನು ಮಾತ್ರ ಬುಟ್ಟಿಗೆ ಹಾಕಿಸಿರಲಿಲ್ಲ ಅಂತ ಆಮೇಲೆ ಹೊಳೆಯಿತು. ನಾನು ಆ ಹೊತ್ತಿನ ಬೇರೆ ಎಲ್ಲವನ್ನೂ ಕ್ಷಮಿಸಿಯೇನು. ಆ ಸಂತೋಷವನ್ನು ಕೊಟ್ಟದ್ದನ್ನು ಕ್ಷಮಿಸಲಾರೆ.

ದೀಪ ಹಚ್ಚಿದರು. ಮಂಗಳಾರತಿಯಾಯಿತು. ಅಕ್ಕ ನನ್ನ ಬ್ಯಾಗನ್ನು ತಾವೇ ಹಿಡಿದು, ಮೆಟ್ಟಿಲಿಳಿಸಿ ರಸ್ತೆಗೆ ಕರೆದುಕೊಂಡು ಬಂದರು. ಚಪ್ಪಲಿ ಮೆಟ್ಟಿಕೋ ಅಂದರು. ಮೆಟ್ಟಿಕೊಂಡೆ. ಬ್ಯಾಗನ್ನು ನೆಲದ ಮೇಲಿಟ್ಟು, ಒಂದು ಹೆಜ್ಜೆ ಹಿಂದೆ ಸರಿದು ನಿಂತು, "ಅಮ್ಮ ಹೋಗಿಬುಟ್ರು ಕಣಮ್ಮ. ಬೆಳಗ್ಗೇನೇ" ಅಂದರು.

ಅವರು ಹಿಂದೆ ಸರಿದದ್ದು ಏಕೆಂದು ನನಗೆ ತಕ್ಷಣ ಅರ್ಥವಾಯಿತು. ನಮ್ಮ ಕಡೆ ಸೂತಕ ಹಿಡಿಯುವುದು ಸಾವಾದಾಗ ಅಲ್ಲ, ಸುದ್ದಿ ಕಿವಿಗೆ ಬಿದ್ದಾಗ. ಕೇಳದವರಿಗೆ ಸೂತಕವಿಲ್ಲ. ಮದುವೆ ಮನೆಗಳಲ್ಲಿ ಧಾರೆ ಮುಗಿಯುವವರೆಗೆ ದೂರದ ದೊಡ್ಡಪ್ಪನ ಸಾವನ್ನು ಬಾಯೊಳಗೆ ಇಟ್ಟುಕೊಂಡವರನ್ನು ನಾನೂ ಕಂಡಿದ್ದೇನೆ, ಅಂಥ ಜಾಣತನಕ್ಕೆ ನಕ್ಕಿದ್ದೇನೆ. ಆದರೆ ನನ್ನ ಅಮ್ಮ ದೂರದ ದೊಡ್ಡಪ್ಪನಲ್ಲ. ತಲೆಯೆತ್ತಿ ನೋಡಿದರೆ ಮೆಟ್ಟಿಲ ಮೇಲೆ ನಮ್ಮ ಭಜನೆಯ ಹೆಂಗಸರೆಲ್ಲ ನಿಂತಿದ್ದರು. ಒಬ್ಬರ ಮುಖದಲ್ಲೂ ಆಶ್ಚರ್ಯವಿರಲಿಲ್ಲ. ಹೊಲಿಯುವವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು, ಆದರೆ ಅವಳೂ ಕೆಳಗಿಳಿದು ಬಂದು ನನ್ನನ್ನು ಮುಟ್ಟಲಿಲ್ಲ. ಒಬ್ಬಳಾದರೂ ಮುಟ್ಟಬಹುದಿತ್ತು.

ಮಧುಗಿರಿಗೆ ಒಂದು ಬಸ್ಸು, ಪಾವಗಡಕ್ಕೆ ಇನ್ನೊಂದು, ಅಲ್ಲಿಂದ ಆಟೋ. ನಾನು ಮನೆ ಮುಟ್ಟುವ ಹೊತ್ತಿಗೆ ಅಮ್ಮನನ್ನು ಮಣ್ಣು ಮಾಡಿ ಎಲ್ಲರೂ ಸ್ನಾನ ಮಾಡಿ ಕೂತಿದ್ದರು. ಅವಳು ಮಲಗುತ್ತಿದ್ದ ಜಾಗದಲ್ಲಿ ಹಣತೆಯಿತ್ತು. ತಮ್ಮ ಎದ್ದು ಬರಲಿಲ್ಲ. ಕೂತಲ್ಲಿಂದಲೇ, "ಹೊತ್ತು ಮುಳುಗೋ ತಂಕ ಕಾದ್ವಿ ಅಕ್ಕಾ" ಅಂದ.

"ನಂಗೆ ಯಾರೂ ಹೇಳ್ಲಿಲ್ಲ ಕಣೋ."

"ನಾನು ಫೋನ್ ಮಾಡ್ದೆ. ನಿಮ್ಮ ಮೇಡಮ್ ಎತ್ತಿದ್ರು. ನಿನ್ನ ಕೇಳಿ ಹೇಳ್ತೀನಿ ಅಂತ ಇಟ್ಟು, ತಿರುಗ ಅವ್ರೇ ಮಾಡಿದ್ರು. ನಿಮ್ಮಕ್ಕ ಸಂಕಲ್ಪ ಮಾಡವ್ಳೆ, ಮಧ್ಯದಲ್ಲಿ ಏಳಕ್ಕಿಲ್ವಂತೆ, ನೀವು ಕಾರ್ಯ ಮುಗಿಸ್ಕೊಬೇಕಂತೆ ಅಂದ್ರು." ಒದ್ದೆ ತಲೆ ಒರೆಸಿಕೊಳ್ಳುತ್ತಾ, "ಬೇರೆ ಕೆಲಸ ಆಗಿದ್ರೆ ಬೈತಿದ್ದೆ. ಏನ್ ಮಾಡೋದು, ದೇವರ ಕೆಲಸ ಅಂದ್ರು" ಅಂದ.

ನನಗೆ ಹೇಳದೆ ಹೋದದ್ದು ಒಂದು. ನನ್ನ ಬಾಯಿಂದ ಬರದ ಮಾತನ್ನು ನನ್ನದೆಂದು ಹೇಳಿದ್ದು ಇನ್ನೊಂದು. ಅತ್ತು, ಕೂಗಾಡಿ, ಅಮ್ಮನ ಹೆಸರಿನ ಮೇಲೆ ಆಣೆಯಿಟ್ಟು ಹೇಳಿದೆ. ತಮ್ಮ ತಲೆ ಅಲ್ಲಾಡಿಸಿದ. ಅಷ್ಟು ದೊಡ್ಡವರು ಸುಳ್ಳು ಹೇಳ್ತಾರಾ ಅನ್ನುವುದು ಅವನ ಮುಖದ ಮೇಲೇ ಬರೆದಿತ್ತು.

ಹನ್ನೊಂದನೇ ದಿನದ ಕಾರ್ಯಕ್ಕೆ ಅಕ್ಕ ರಾಯಚರ್ಲಿಗೇ ಬಂದರು. ಹಣ್ಣು ತಂದಿದ್ದರು. ಅಮ್ಮನ ಫೋಟೋದ ಮುಂದೆ ಕೂತು ಕಣ್ಣುಮುಚ್ಚಿ ಶಾಂತಿಮಂತ್ರ ಹೇಳಿದರು, ಎಷ್ಟು ಚೆನ್ನಾಗಿ ಹೇಳಿದರೆಂದರೆ ನೆರೆಮನೆಯವರೆಲ್ಲ ಬಾಗಿಲಿಗೆ ಬಂದು ಕೈಮುಗಿದರು. ತಮ್ಮ ಅವರ ಕಾಲಿಗೆ ಬಿದ್ದ. ನಾನು ಅವರನ್ನು ಹಿತ್ತಲಿಗೆ ಕರೆದೆ. ಅಲ್ಲಿಂದಾಚೆಗೆ ಸೋಲಾರ್‌ನವರ ತಂತಿಬೇಲಿ, ಅದರಾಚೆ ಕಣ್ಣಿಗೆ ಕಾಣುವಷ್ಟೂ ಗಾಜಿನ ಹಲಗೆಗಳು. ನಿಮ್ಮ ಬಾಯಿಂದ ನನ್ನ ತಮ್ಮನಿಗೆ ನಿಜ ಹೇಳಿ ಅಂದೆ.

"ನಿನಗೆ ಕೇಡು ಮಾಡಿದ್ನೇನಮ್ಮ? ಕೇಳೋ ತನಕ ನಿನಗೆ ಸೂತಕ ಇರಲಿಲ್ಲ. ನಿಮ್ಮಮ್ಮ ಹೋದ ದಿನ ಇಡೀ ಮಗಳ ಬಾಯಲ್ಲಿ ಶಿವನಾಮ. ಇಂಥ ಭಾಗ್ಯ ಯಾರಿಗುಂಟು?"

"ಹೇಳೋದು ಬೇಡವಾಗಿತ್ತು, ಬುಡಿ. ಸುದ್ದಿ ಹೇಳದೇನೇ ನನ್ನ ಸುಮ್ಮನೆ ಬಸ್ ಹತ್ತಿಸಬಹುದಾಗಿತ್ತಲ್ಲ? ಸೂತಕಾನೂ ಬರ್ತಿರಲಿಲ್ಲ, ಭಜನೇನೂ ನಿಲ್ತಿರಲಿಲ್ಲ. ತಾಳ ಆ ಹೊಲಿಯೋಳ ಕೈಲಿತ್ತಲ್ಲ."

ಅಕ್ಕ ಬೇಲಿಯ ಕಡೆ ನೋಡಿದರು. ಬೆಣ್ಣೆಯ ಮಾತು ಆವತ್ತು ಸ್ವಲ್ಪ ತಡವರಿಸಿತು.

"ಅಷ್ಟು ದೂರದಿಂದ ಜನ ಬಂದಿದ್ರು. ನಿನ್ನಂಗೆ ಹೇಳೋರು ಬೇರೆ ಯಾರಿದ್ರಮ್ಮ?" ಅಂದರು.

ಅಷ್ಟೇ. ಶಿವನಿಗೂ ಅಲ್ಲ, ಸೂತಕಕ್ಕೂ ಅಲ್ಲ. ತಮ್ಮನಿಗೆ ಏನೂ ಹೇಳದೆ, ಎಲ್ಲರ ಕೈಲೂ ನಮಸ್ಕಾರ ಮಾಡಿಸಿಕೊಂಡು ಸಂಜೆಯ ಬಸ್ಸಿಗೆ ಹೋದರು.

ನಾನು ಮತ್ತೆ ಆ ಹಾಲ್‌ನ ಮೆಟ್ಟಿಲು ಹತ್ತಲಿಲ್ಲ. ಸೊಂಟ ಮತ್ತೆ ಹಿಡಿದುಕೊಂಡಿದೆ. ಆಸನಗಳನ್ನು ಮನೆಯಲ್ಲೇ ಮಾಡುತ್ತೇನೆ. ಕೈಕಾಲುಗಳ ಮೇಲೆ ನನಗೆ ಸಿಟ್ಟಿಲ್ಲ. ಮಂತ್ರಕ್ಕೆ ಬಾಯಿ ತೆರೆದರೆ ಮಾತ್ರ ಬೆನ್ನ ಮೇಲೆ ಆ ಕೈ ಬಂದು ಕೂರುತ್ತದೆ. ಸುಮ್ಮನೆ ಎದ್ದು ಒಲೆ ಹಚ್ಚುತ್ತೇನೆ.

ಈ ಕಾರ್ತಿಕದಲ್ಲಿ ಅಮ್ಮನ ವರ್ಷದ ತಿಥಿ. ತಮ್ಮ ಊರಿನ ಭಜನೆಯವರನ್ನು ಕರೆಸಿದ್ದ. ಹಾರ್ಮೋನಿಯಂ, ಡೋಲಕ್ಕು ಎಲ್ಲ ಬಂದು ಕೂತ ಮೇಲೆ ಅವನೇ ಎದ್ದು ಬಂದು, ಎಲ್ಲರೆದುರು ಎರಡೂ ಕೈಯಲ್ಲಿ ತಾಳವನ್ನು ನನ್ನ ಮುಂದೆ ಹಿಡಿದ. ಅವನ ದನಿಯಲ್ಲಿ ಕೊಂಕಿರಲಿಲ್ಲ, ಒಂದು ಗೌರವವೇ ಇತ್ತು.

"ಶುರು ಮಾಡಕ್ಕಾ. ನಿಂಗೆ ಎಲ್ಲಾಕಿಂತ ಇದೇ ಹೆಚ್ಚಲ್ವಾ."

ತಾಳ ತೆಗೆದುಕೊಂಡೆ. ಅಮ್ಮನ ಫೋಟೋ ನೋಡಿದೆ. "ಆವತ್ತು ಸೀರೆ ಬ್ಯಾಗ್ ಜೊತೇಲೇ ಇಟ್ಕೊಂಡಿದ್ದೆ ಕಣೋ, ಮಧ್ಯಾಹ್ನ ಬರೋಕೆ" ಅಂದೆ.

"ಬುಡಕ್ಕಾ, ಈಗ್ಯಾಕೆ ಅದು" ಅಂದು ಅವನು ಡೋಲಕ್ಕಿನವನ ಪಕ್ಕ ಹೋಗಿ ಕೂತ, ನಾನು ಶುರು ಮಾಡಲಿ ಅಂತ ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು.