ಮೊರಬದ ದೋಣಿಯ ತೇವ

ಅಣ್ಣಿಗೇರಿಯ ಕಾಳಿನ ಅಂಗಡಿಯೊಂದರಲ್ಲಿ ಕಡಲೆಯ ತೇವ ಅಳೆಯುವುದು ನನ್ನ ಕೆಲಸ. ಯಂತ್ರಕ್ಕೆ ಒಂದು ಹಿಡಿ ಕಾಳು ಸುರಿದು, ಬಂದ ಶೇಕಡಾ ಅಂಕಿ ಓದಿ ಹೇಳುತ್ತೇನೆ, ಅಷ್ಟೇ. ಆದರೆ ಮೊರಬದ ನನ್ನ ಸೋದರಮಾವ ನನ್ನನ್ನು ತೇವದ ವಿಷಯದಲ್ಲಿ ದೊಡ್ಡ ಪಂಡಿತನೆಂದೇ ನಂಬಿದ್ದರು.

ಮಾವ ಕಾರವಾರದ ಬಂದರಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಊರಿಗೆ ಬರುವಾಗ ಒಂದು ಹಳೆಯ ಫೈಬರ್ ಹಾಯಿದೋಣಿಯನ್ನು ಲಾರಿಯಲ್ಲಿ ಹೇರಿಕೊಂಡು ಬಂದರು. ಸುತ್ತಲಿನ ಯಾವ ಊರಿನವರೂ ತಮ್ಮ ಕುಡಿಯುವ ನೀರಿನ ಕೆರೆಗೆ ಅದನ್ನು ಇಳಿಸಗೊಡಲಿಲ್ಲ. ನಾಲ್ಕು ವರ್ಷ ಅದು ಹಿತ್ತಲಲ್ಲಿ, ಹೊಟ್ಟಿನ ಬಣವೆಯ ಪಕ್ಕ, ಟ್ರ್ಯಾಕ್ಟರಿನ ಟೈರುಗಳ ಮೇಲೆ ಕೂತಿತ್ತು. ಕೊನೆಗೆ ಬೇಸತ್ತು ಮಾರಲು ಹೊರಟರು. ಕಾರವಾರದ ಗಿರಾಕಿಯೊಬ್ಬರು ಸಿಕ್ಕರು. ಫೈಬರ್ ಮೈಯೊಳಗೆ ನೀರು ಇಳಿದಿದೆಯೋ ಇಲ್ಲವೋ ಮೊದಲು ತಿಳಿಸಿ ಎಂದು ಅವರು ತೇವ ನೋಡುವ ಮೀಟರನ್ನೇ ಬಸ್ಸಿನಲ್ಲಿ ಕಳಿಸಿಕೊಟ್ಟರು.

ನಾನು ಸೀಮೆಸುಣ್ಣದಿಂದ ದೋಣಿಯ ಮೈತುಂಬ ಚೌಕ ಹಾಕಿ, ಒಂದೊಂದಕ್ಕೂ ಮೀಟರ್ ಒತ್ತಿ ಅಂಕಿ ಬರೆದೆ. ಎಲ್ಲ ಕಡೆ ಹತ್ತು, ಹನ್ನೊಂದು. ಎಡಬದಿಯ ಹಿಂಭಾಗದ ಮೂರು ಚೌಕಗಳಲ್ಲಿ ಮಾತ್ರ ಅರವತ್ತು.

ಮಾವನ ಮುಖ ಇಳಿಯಿತು. "ನೂರಕ್ಕ ಅರವತ್ತು ನೀರಿದ್ರ ಇದು ದೋಣಿ ಅಲ್ಲೋ, ಕಲ್ಲಂಗಡಿ."

ಅದು ಶೇಕಡಾ ಲೆಕ್ಕವಲ್ಲ, ಒಣ ಜಾಗದ ಅಂಕಿಯ ಜೊತೆ ಹೋಲಿಸಿ ನೋಡಬೇಕಷ್ಟೇ ಎಂದು ಗಿರಾಕಿ ಫೋನಿನಲ್ಲಿ ಹೇಳಿದ್ದನ್ನು ನಾನೂ ಹೇಳಿದೆ.

"ಹಂಗಾರ ಕಡ್ಲಿಗೊಂದು ನ್ಯಾಯ, ದೋಣಿಗೊಂದು ನ್ಯಾಯ ಏನು?" ಎಂದರು.

ನೋಡಲು ಬಂದಿದ್ದ ಬಾಜೂಮನೆಯ ಮಾಸ್ತರರು ತಮ್ಮ ಅಂಗೈಗೂ ಮೀಟರ್ ಹಿಡಿಸಿಕೊಂಡರು. ತೊಂಬತ್ತು ಬಂತು. ಅಂಗೈಯನ್ನು ಪಂಚೆಗೆ ಒರೆಸಿಕೊಳ್ಳುತ್ತ ಮನೆಗೆ ಹೋದರು. ಮೈಯಲ್ಲಿ ನೀರು ಹೆಚ್ಚಾಯಿತೆಂದು ಆ ವಾರವೆಲ್ಲ ಅವರು ಮಜ್ಜಿಗೆ ಮುಟ್ಟಲಿಲ್ಲವೆಂದು ಆಮೇಲೆ ತಿಳಿಯಿತು.

ದೋಣಿಯನ್ನು ಒಣಗಿಸುವುದೆಂದಾಯಿತು. ನಾಲ್ಕು ಬೇಸಿಗೆ ಹಿತ್ತಲಲ್ಲೇ ಕಳೆದದ್ದನ್ನು ಇನ್ನು ಹೇಗೆ ಒಣಗಿಸುವುದೋ ನನಗೆ ಹೊಳೆಯಲಿಲ್ಲ. ಮಾವ ಮೇಲೆ ಹೊದಿಸಿದ್ದ ತಾಡಪತ್ರಿ ತೆಗೆದು, ಆ ಮೂರು ಚೌಕಗಳ ಎದುರು ಟೇಬಲ್ ಫ್ಯಾನ್ ಇಟ್ಟರು. ಮುಂದಿನ ರವಿವಾರ ಹೋಗಿ ನೋಡಿದರೆ ಮತ್ತೆ ಅರವತ್ತು.

ಅತ್ತೆ ಚಹಾ ತಂದವರು ಸ್ವಲ್ಪ ಹೊತ್ತು ನಿಂತು ನೋಡಿದರು. "ಅಲ್ಲೇ ಒಳಗ ನನ್ನ ನೀರಿನ ಕ್ಯಾನ್ ಅದಾವಲ್ರೀ," ಎಂದರು ಮಾವನಿಗೆ.

ನಳದ ನೀರು ಎಂಟು ದಿನಕ್ಕೊಮ್ಮೆ ಬರುತ್ತಿತ್ತು. ತುಂಬಿದ ಪ್ಲಾಸ್ಟಿಕ್ ಕ್ಯಾನುಗಳನ್ನು ಅವರು ದೋಣಿಯೊಳಗೆ ಅದೇ ಎಡಬದಿಯ ಗೋಡೆಗೆ ಒತ್ತಿ ಸಾಲಾಗಿ ಇಟ್ಟಿದ್ದರು. ಮೀಟರ್ ಫೈಬರಿನಾಚೆಯ ಆ ನೀರನ್ನೇ ಓದುತ್ತಿತ್ತು. ಮೊದಲೇ ಯಾಕೆ ಹೇಳಲಿಲ್ಲ ಎಂದು ಮಾವ ಕೇಳಿದರು.

"ನೀವು ದೋಣಿದ ಕೇಳಿದ್ರಿ, ಕ್ಯಾನಿಂದ ಕೇಳಲಿಲ್ಲ."

ಕ್ಯಾನುಗಳನ್ನು ಹೊರಗಿಟ್ಟು ಅಳೆದೆ. ಹನ್ನೊಂದು. ಮಾವ ಮತ್ತೆ ಮತ್ತೆ ಅಳೆಸಿದರು, ದೋಣಿಯನ್ನು ಒಂದು ಸುತ್ತು ಹಾಕಿದರು, ಆಮೇಲೆ ಗಿರಾಕಿಗೆ ತಾವೇ ಫೋನ್ ಮಾಡಿದರು.

"ಅಗದಿ ಒಣಗೇತ್ರಿ. ಇಷ್ಟು ಚಲೋ ದೋಣಿ ನಾ ಯಾಕ ಮಾರ್ಲಿ?"

 ಹಾಗಾದರೆ ಮೀಟರನ್ನಾದರೂ ವಾಪಸು ಕಳಿಸಿ ಎಂದು ಗಿರಾಕಿ ಹೇಳಿದರಂತೆ. ಅದನ್ನು ಹಳೆಯ ಟವೆಲ್ಲಿನಲ್ಲಿ ಸುತ್ತಿ ಬಸ್ಸಿಗೆ ಕೊಡುವ ಕೆಲಸ ನನ್ನ ಪಾಲಿಗೆ ಬಂತು. ದೋಣಿ ಉಳಿದದ್ದಕ್ಕೆ ನಿಜವಾಗಿ ಖುಷಿಯಾದದ್ದು ಅತ್ತೆಗೆ. ಹೋಗಿದ್ದರೆ ಕ್ಯಾನ್ ಇಡಲು ಬೇರೆ ಜಾಗ ಹುಡುಕಬೇಕಾಗುತ್ತಿತ್ತು.